ಕಿತ್ತಳೆ ಬಣ್ಣದ ಆತಂಕ, ನಮ್ಮ ಎಸ್ಸೆಸ್ಸೆಲ್ಸಿ: ‘ಇನ್‌ಸೈಡ್ ಔಟ್ 2’

ಕಾರ್ಟೂನ್ ಸಿನಿಮಾ ಅಂದರೆ ಮಕ್ಕಳನ್ನು ಕೂರಿಸಿ ನಾವು ಮೊಬೈಲ್ ನೋಡುತ್ತಾ ಕೂರುವುದು, ಅಲ್ವಾ? ‘ಇನ್‌ಸೈಡ್ ಔಟ್ 2’ಗೆ ಹಾಗೆ ಮಾಡಬೇಡಿ. ಮನೆಯಲ್ಲಿ ಹೈಸ್ಕೂಲ್ ಓದುವ ಮಗು ಇದ್ದರೆ ಇದು ಮಗುವಿಗಿಂತ ಜಾಸ್ತಿ ನಿಮಗೇ ಬೇಕಾದ ಸಿನಿಮಾ.

2015ರ ಮೊದಲ ಭಾಗ ನೋಡಿಲ್ಲದಿದ್ದರೂ ತೊಂದರೆ ಇಲ್ಲ. ರೈಲಿ ಅಂತ ಒಬ್ಬಳು ಹುಡುಗಿ. ಅವಳ ತಲೆಯೊಳಗೆ ಒಂದು ಕಂಟ್ರೋಲ್ ರೂಮು. ಖುಷಿ, ದುಃಖ, ಕೋಪ, ಭಯ, ಅಸಹ್ಯ, ಈ ಐವರು ಅಲ್ಲಿ ಕೂತು ಅವಳನ್ನು ನಡೆಸುತ್ತಾರೆ. ಈ ಭಾಗದಲ್ಲಿ ಅವಳಿಗೆ 13 ವರ್ಷ. ಒಂದು ರಾತ್ರಿ ಅಲಾರಂ ಹೊಡೆದುಕೊಳ್ಳುತ್ತದೆ. ಕೆಲಸದವರ ಗುಂಪೊಂದು ನುಗ್ಗಿ ರೂಮನ್ನೇ ಒಡೆದು ಹಾಕುತ್ತದೆ. ಬೆಳಗ್ಗೆ ನೋಡಿದರೆ ಯಾವ ಗುಂಡಿಯನ್ನು ಸುಮ್ನೆ ಮುಟ್ಟಿದರೂ ಹುಡುಗಿ ಸಿಡಿದು ಬೀಳುತ್ತಾಳೆ. ಇಲ್ಲಿ ನನ್ನ ಹೆಂಡತಿ ನನ್ನನ್ನು ತಿವಿದಳು. ನಮ್ಮ ಮಗಳಿಗೂ ಅಷ್ಟೇ ವಯಸ್ಸು.

ಆಮೇಲೆ ಹೊಸಬರು ಬರುತ್ತಾರೆ. ಹೊಟ್ಟೆಕಿಚ್ಚು, ಮುಜುಗರ, ಸೋಫಾ ಬಿಟ್ಟು ಏಳದೆ ಮೊಬೈಲಿನಿಂದಲೇ ಎಲ್ಲ ನಡೆಸುವ ಬೇಜಾರು. ಇವರಿಗೆಲ್ಲ ಲೀಡರ್ ಆತಂಕ. ಕಿತ್ತಳೆ ಬಣ್ಣ, ಕೆದರಿದ ಕೂದಲು, ಕೈ ತುಂಬ ಲಗೇಜು. ಇವಳು ವಿಲನ್ ಅಲ್ಲ. ಹುಡುಗಿಯ ಮೇಲೆ ಇವಳಿಗಿರುವ ಪ್ರೀತಿ ನಿಜವಾದದ್ದೇ. ಮುಂದೆ ಏನೇನು ಕೆಡಬಹುದು ಅಂತ ಈಗಲೇ ಲೆಕ್ಕ ಹಾಕುವುದು ಇವಳ ಕೆಲಸ.

ಇವಳನ್ನು ನಾನು ದಿನಾ ನೋಡುತ್ತೇನೆ. ಮಂಡ್ಯದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಹಳೇ ಪ್ರಶ್ನೆಪತ್ರಿಕೆ ಮಾಡಿಸಲು ಬಂದ ಒಬ್ಬರು, “ಸೈನ್ಸ್ ಸೀಟು ಸಿಗದಿದ್ರೆ ಏನ್ ಸ್ವಾಮಿ ಮಾಡೋದು?” ಅಂತ ಕೇಳಿದ್ದರು. ಮಗ ಇನ್ನೂ ಒಂಬತ್ತನೇ ಕ್ಲಾಸು. ಅವನು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ.

ಸಿನಿಮಾದ ಅತಿ ಒಳ್ಳೆಯ ದೃಶ್ಯವೂ ಅದೇ ಸಂಗತಿ. ರೈಲಿ ಆಡಬೇಕಾದ ಐಸ್ ಹಾಕಿ ಮ್ಯಾಚಿನ ಹಿಂದಿನ ರಾತ್ರಿ. ಆತಂಕ ಸಾಲು ಸಾಲು ಟೇಬಲ್ ಹಾಕಿಸಿ ಚಿತ್ರ ಬರೆಯುವವರನ್ನು ಕೂರಿಸಿದ್ದಾಳೆ. ಅವರ ಕೆಲಸ ಒಂದೇ: ನಾಳೆ ಏನೇನು ಎಡವಟ್ಟಾಗಬಹುದೋ ಅದನ್ನೆಲ್ಲ ಬರೆದು ಕಳಿಸುವುದು. ಖುಷಿ ಅಲ್ಲಿಗೆ ನುಸುಳಿ ಒಳ್ಳೆಯದು ಆಗುವ ಚಿತ್ರ ಬರೆದು ಕಳಿಸಲು ಶುರು ಮಾಡುತ್ತಾಳೆ. ಆಮೇಲೆ ದಿಂಬಿನ ಯುದ್ಧ. ಚಿಕ್ಕವರು ದಿಂಬಿಗೆ ನಕ್ಕರು, ದೊಡ್ಡವರು ಟೇಬಲ್ ನೋಡಿ ನಕ್ಕರು. ಅಷ್ಟೊಂದು ನಗು ಬರಲಿಲ್ಲ ನನಗೆ.

ಕೊನೆಗೆ ರೈಲಿ ಎದೆ ಹಿಡಿದುಕೊಂಡು ಉಸಿರಿಗೆ ಒದ್ದಾಡುವ ದೃಶ್ಯವಿದೆ. ಒಳಗೆ ಕಿತ್ತಳೆ ಬಣ್ಣದ ಬಿರುಗಾಳಿ. ಅದರ ನಡುವೆ ಆತಂಕ ಗುಂಡಿ ಬಿಡಲಾಗದೆ, ಕಣ್ಣಲ್ಲಿ ನೀರು ತುಂಬಿಕೊಂಡು ಅಲ್ಲಾಡದೆ ನಿಂತಿದ್ದಾಳೆ. ಇಷ್ಟು ಸರಿಯಾಗಿ ಇದನ್ನು ತೋರಿಸಿದ ಇನ್ನೊಂದು ಮಕ್ಕಳ ಸಿನಿಮಾ ನಾನಂತೂ ನೋಡಿಲ್ಲ. ಎಸ್ಕಲೇಟರ್ ಇಳಿಯುವಾಗ ಮಗಳು, “ಅಪ್ಪಾ, ಮ್ಯಾತ್ಸ್ ಟೆಸ್ಟ್ ದಿನ ನಂಗೂ ಹಿಂಗೇ ಆಗುತ್ತೆ” ಅಂದಳು. ಇಷ್ಟು ದಿನ ಅದನ್ನು ಹೊಟ್ಟೆನೋವು ಅನ್ನುತ್ತಿದ್ದಳು.

ಕೊರತೆ ಇಲ್ಲವೇ? ಇದೆ. ಖುಷಿ ಮತ್ತು ಗ್ಯಾಂಗು ಕಂಟ್ರೋಲ್ ರೂಮಿನಿಂದ ಹೊರಬಿದ್ದು, ಅಲೆದಾಡಿ ವಾಪಸ್ ಬರುವ ದಾರಿ ಮೊದಲ ಭಾಗದ್ದೇ. ಹೊಟ್ಟೆಕಿಚ್ಚಿಗೆ ಅಂಥಾ ಕೆಲಸವೇ ಇಲ್ಲ. ನಿರ್ದೇಶಕ ಕೆಲ್ಸಿ ಮಾನ್ ಅವರಿಗೆ ಇದು ಮೊದಲ ಪೂರ್ಣ ಸಿನಿಮಾ. ಹಳೇ ದಾರಿ ಬಿಡಲು ಧೈರ್ಯ ಬರಲಿಲ್ಲವೇನೋ. ಐಸ್ ಹಾಕಿ ಗೊತ್ತಿಲ್ಲ ಅಂತ ಚಿಂತೆ ಬೇಡ, ಕಥೆಗೆ ಅದೇನೂ ಬೇಕಿಲ್ಲ.

ನಾವು ಮೈಸೂರಿನ ಮಾಲ್‌ಗೆ ಹೋಗಿ ನೋಡಿದ್ದು, ನಮ್ಮಮ್ಮನೂ ಬಂದಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಮೊಮ್ಮಗಳು ಕಿವಿಯಲ್ಲಿ ಹೇಳುತ್ತಿದ್ದಳು. ‘ಹಳೇ ನೆನಪು’ ಅನ್ನುವ ಭಾವನೆ, ಅಜ್ಜಿಯೊಬ್ಬಳ ರೂಪದಲ್ಲಿ, ಬಾಗಿಲಿಂದ ಇಣುಕುತ್ತಾಳೆ, ಉಳಿದವರು “ನಿನ್ನ ಟೈಮ್ ಇನ್ನೂ ಬಂದಿಲ್ಲ” ಅಂತ ವಾಪಸ್ ಕಳಿಸುತ್ತಾರೆ. ಅದಕ್ಕೆ ಮಾತ್ರ ಅಮ್ಮನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಚಿಕ್ಕ ಮಗ ಬಿದ್ದು ಬಿದ್ದು ನಕ್ಕಿದ್ದು ಸೊಂಟಕ್ಕೆ ಕಟ್ಟುವ ಪೌಚಿಗೆ. ಕಷ್ಟ ಬಂದಾಗ ಅದು ಹೊಟ್ಟೆಯಿಂದ ಡೈನಮೈಟ್ ತೆಗೆದು ಕೊಡುತ್ತದೆ!

ಒಟ್ಟು 96 ನಿಮಿಷ, ಚಿಕ್ಕ ಮಕ್ಕಳೂ ಕೂರುತ್ತಾರೆ. ಈಗ ಜಿಯೋಹಾಟ್‌ಸ್ಟಾರ್‌ನಲ್ಲಿ ಸಿಗುತ್ತದೆ. ಹೆಸರುಗಳೆಲ್ಲ ಓಡಿ ಮುಗಿಯುವ ತನಕ ಟೀವಿ ಆಫ್ ಮಾಡಬೇಡಿ. ರೈಲಿ ಬಚ್ಚಿಟ್ಟ ಗುಟ್ಟು ಹೊರಬೀಳುವುದು ಅಲ್ಲೇ. ನಮ್ಮ ಸಾಲಿನವರೆಲ್ಲ ಅಷ್ಟು ಹೊತ್ತಿಗೆ ಪಾರ್ಕಿಂಗ್‌ಗೆ ಓಡಿದ್ದರು.