ಹಸಿ ಹಲಗೆಯ ಬೇಲಿ ಹಾಕಿಸಬೇಡಿ: ಕಲಬುರಗಿಯ ಬಿಸಿಲಿನಲ್ಲಿ ನಮಗಾದದ್ದು

ಕಲಬುರಗಿ, ಯಾದಗಿರಿ, ರಾಯಚೂರು, ಬಳ್ಳಾರಿ ಕಡೆಯವರು ಯಾರಾದರೂ ಮನೆಯ ಪಕ್ಕಕ್ಕೆ ಮರೆಯಾಗಲೆಂದು ಮರದ ಹಲಗೆಯ ಬೇಲಿ ಹಾಕಿಸುವ ಯೋಚನೆಯಲ್ಲಿದ್ದರೆ, ದಯವಿಟ್ಟು ಇದನ್ನು ಓದಿ. ಹಲಗೆ ಒಣಗಿದೆಯೋ ಇಲ್ಲವೋ ಎಂದು ನೀವೇ ಪರೀಕ್ಷಿಸಿ ನೋಡದೆ ಮುಂಗಡವಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ. ನಾವು ಕೊಟ್ಟೆವು. ಹಣ ಹೋಯಿತು. ಅದಕ್ಕಿಂತ ದೊಡ್ಡದಾಗಿ, ಮೇ ತಿಂಗಳ ಒಂದು ಸಂಜೆ ನಮ್ಮ ಮಾವನವರ ಜೀವವೇ ಹೋಗುವುದರಲ್ಲಿತ್ತು.

ನಮ್ಮ ಮನೆಯ ಪಶ್ಚಿಮಕ್ಕೆ ಒಂದು ಖಾಲಿ ನಿವೇಶನವಿದೆ. ಬಹಳ ವರ್ಷ ಅಲ್ಲಿ ಜಾಲಿಗಿಡ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾಗಿ ಆ ಬದಿಗೆ ನಾವು ಗೋಡೆ ಕಟ್ಟಿಸಿರಲಿಲ್ಲ. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದು, ಅದಕ್ಕೆ ತೊಗರಿಕಟ್ಟಿಗೆಯ ತಟ್ಟಿ ಕಟ್ಟಿದ್ದೆವು. ಕಳೆದ ವರ್ಷ ಅಲ್ಲಿ ಒಂದು ಚಹಾದಂಗಡಿ ಬಂತು. ಬೆಳಗಿನಿಂದ ರಾತ್ರಿಯವರೆಗೆ ಹತ್ತು ಹನ್ನೆರಡು ಜನ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಹಳೆಯ ತಟ್ಟಿ ಅಲ್ಲಲ್ಲಿ ಉದುರಿ ಕಂಡಿಯಾಗಿತ್ತು. ಅಂಗಳದಲ್ಲಿ ಪಾತ್ರೆ ತಿಕ್ಕಲು ಕುಳಿತರೆ, ಸಂಡಿಗೆ ಹಾಕಲು ಬಗ್ಗಿದರೆ, ಯಾರೋ ನೋಡುತ್ತಿದ್ದಾರೆ ಎಂಬ ಮುಜುಗರ. ಅವರ ತಪ್ಪಲ್ಲ, ಕಣ್ಣು ಎದುರಿಗಿದ್ದುದನ್ನು ನೋಡುತ್ತದೆ. ನಮಗೆ ಮರೆ ಬೇಕಾಗಿತ್ತು.

ಗೋಡೆಯನ್ನೇ ಕಟ್ಟಿಸಬಹುದಿತ್ತು. ಆದರೆ ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯ ಬಳಿ ಆಳೆತ್ತರದ ಮರದ ಬೇಲಿ ನೋಡಿ ಬಂದಿದ್ದೆ. ಅಲ್ಲಿನ ತಂಪಿನಲ್ಲಿ ಅದು ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನಮ್ಮ ಹವೆಗೂ ಅಲ್ಲಿನ ಹವೆಗೂ ಇರುವ ವ್ಯತ್ಯಾಸ ನನಗೆ ಹೊಳೆಯಲೇ ಇಲ್ಲ. ಮನೆಯೊಳಗಿನ ಮರಗೆಲಸ ಮಾಡುವ ಒಬ್ಬ ಗುತ್ತಿಗೆದಾರನನ್ನು ಕರೆಸಿದೆವು. ನಲವತ್ತು ಅಡಿ ಉದ್ದ, ಆರು ಅಡಿ ಎತ್ತರ, ಎಂಟು ಅಡಿಗೊಂದರಂತೆ ಆರು ಕಂಬ, ನಡುವೆ ಐದು ಅಂಕಣ. "ಹೊರದೇಶದ ಪೈನ್ ಅಕ್ಕಾ, ಕಿಲ್ನ್ ಎಂಬ ಬಿಸಿಗೂಡಿನಲ್ಲಿ ಒಣಗಿಸಿದ್ದು, ಹತ್ತು ವರ್ಷ ಮುಟ್ಟುವ ಹಾಗಿಲ್ಲ" ಎಂದ. ಮುಕ್ಕಾಲು ಪಾಲು ಹಣ ಮೊದಲೇ ತೆಗೆದುಕೊಂಡ. ಕೊಟ್ಟದ್ದು ಒಂದು ಬಿಳಿ ಚೀಟಿ. ಫೆಬ್ರುವರಿಯಲ್ಲಿ ನಾಲ್ಕೇ ದಿನದಲ್ಲಿ ಬೇಲಿ ಎದ್ದು ನಿಂತಿತು. ಹಲಗೆಗೆ ಹಲಗೆ ಅಂಟಿಕೊಂಡು, ಮೇಲೆ ಹೊಳೆಯುವ ವಾರ್ನಿಶ್. ಬೆಳಕಿನ ಒಂದು ಗೆರೆಯೂ ಒಳಗೆ ಬರುತ್ತಿರಲಿಲ್ಲ. ನಾನು ಅಂದು ಅಂಗಳದಲ್ಲಿ ನೆಮ್ಮದಿಯಾಗಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿದ್ದು ನೆನಪಿದೆ.

ಮಾರ್ಚ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಬೇಲಿಯಿಂದ ಸದ್ದು ಬರತೊಡಗಿತು. ಟಕ್, ಟಕ್ ಎಂದು ಒಣ ಕಾಯಿ ಸಿಡಿದ ಹಾಗೆ. ಏಪ್ರಿಲ್ ಕೊನೆಗೆ ಪ್ರತಿ ಎರಡು ಹಲಗೆಯ ನಡುವೆ ಸೀಳು ಬಿಟ್ಟಿತ್ತು. ಮಗಳು ತನ್ನ ಪೆನ್ಸಿಲನ್ನು ಒಂದು ಸೀಳಿನಲ್ಲಿ ತೂರಿಸಿ ಆ ಕಡೆ ಬೀಳಿಸಿದಳು. ಆ ಹಲಗೆ ಅಳೆದು ನೋಡಿದೆ: ಐದು ಅಂಗುಲ ಅಗಲ ಇದ್ದದ್ದು ಕಾಲು ಅಂಗುಲ ಕಡಿಮೆಯಾಗಿತ್ತು. ಉದ್ದ ಮಾತ್ರ ಇದ್ದಷ್ಟೇ ಇತ್ತು. ಪಶ್ಚಿಮದ ಬಿಸಿಲು ಬೀಳುವ ಮೈ ಬೇಗ ಒಣಗಿ, ನಮ್ಮ ಕಡೆಯ ಮೈ ನಿಧಾನವಾಗಿ ಒಣಗಿ, ಹಲಗೆಗಳು ದೋಣಿಯಂತೆ ಬಾಗಿದ್ದವು. ಬಾಗಿದ ರಭಸಕ್ಕೆ ಮೊಳೆಗಳ ತಲೆ ಅರ್ಧ ಅಂಗುಲ ಮೇಲೆದ್ದಿತ್ತು. ವಾರ್ನಿಶ್ ಹಾವಿನ ಪೊರೆಯಂತೆ ಸುಲಿದು ಬರುತ್ತಿತ್ತು.

ಗುತ್ತಿಗೆದಾರನಿಗೆ ಫೋನ್ ಮಾಡಿದರೆ, "ಬಿಸಿಲಿಗೆ ಹಾಗೆ ಆಗುತ್ತದೆ ಅಕ್ಕಾ, ಮಳೆ ಬಂದರೆ ಕೂಡಿಕೊಳ್ಳುತ್ತದೆ" ಎಂದ.

ನಿಜ ಏನೆಂದು ಹೇಳಿದವರು ನನ್ನ ತವರೂರಿನ ಬಡಿಗ ಕಾಕಾ. ವಯಸ್ಸಾಗಿದೆ, ಈಗ ಉಳಿ ಹಿಡಿಯುವುದಿಲ್ಲ. ಯಾವುದೋ ಮದುವೆಗೆ ಊರಿಗೆ ಬಂದವರು ಬೇಲಿಯ ಬಳಿ ಹೋಗಿ, ನೆರಳಲ್ಲಿದ್ದ ಒಂದು ಕಂಬದ ಬುಡಕ್ಕೆ ಬೆರಳ ಗೆಣ್ಣಿನಿಂದ ಬಡಿದರು. ಮಂಕಾದ ಸದ್ದು. "ಕಟ್ಟಿಗೆಯ ಮೈಯಲ್ಲಿ ಇನ್ನೂ ನೀರಿದೆಯವ್ವಾ. ನಾವು ಬಂಡಿಯ ಜಾಲಿಮರವನ್ನು ಕೆರೆಯಲ್ಲಿ ಮುಳುಗಿಸಿ, ಆಮೇಲೆ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ, ನಂತರ ಉಳಿ ಹಚ್ಚುತ್ತಿದ್ದೆವು" ಎಂದರು.

ಆಮೇಲೆ ನಾನು ಓದಿ ತಿಳಿದುಕೊಂಡದ್ದು ಇಷ್ಟು. ಹಸಿ ಮರದಿಂದ ಮೊದಲು ಹೋಗುವುದು ಜೀವಕೋಶಗಳ ಪೊಳ್ಳಿನಲ್ಲಿರುವ ನೀರು. ಆಗ ಮರ ಹಗುರವಾಗುತ್ತದೆ, ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದ ಮೇಲೆ ಕೋಶದ ಗೋಡೆಯಲ್ಲಿರುವ ನೀರು ಹೋಗತೊಡಗುತ್ತದೆ, ಕುಗ್ಗುವಿಕೆ ಶುರುವಾಗುವುದು ಅಲ್ಲಿಂದ. ಎಲ್ಲಿಯವರೆಗೆ ಎಂಬುದನ್ನು ನಿರ್ಧರಿಸುವುದು ಸುತ್ತಲಿನ ಗಾಳಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿ, ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇಲ್ಲದಂತಾದಾಗ ಮರ ಶೇ. 5ರಿಂದ 7ರವರೆಗೂ ಒಣಗುತ್ತದೆ. ಮಂಗಳೂರಿನಲ್ಲಿ ಒಣಗಿದ್ದು ಎನ್ನಿಸಿಕೊಳ್ಳುವ ಹಲಗೆ ಇಲ್ಲಿಗೆ ಬಂದು ಮತ್ತೆ ಕುಗ್ಗುತ್ತದೆ. ಯಾವ ಹವೆಯ ಪ್ರದೇಶದಲ್ಲಿ ಮರದ ತೇವ ಎಷ್ಟಿರಬಹುದು ಎನ್ನುವುದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 287 ಎಂಬ ಮಾನದಂಡವೇ ಇದೆ. ಮರದ ವ್ಯಾಪಾರ ಮಾಡುವವರಿಗೆ ಇದು ಗೊತ್ತಿರಬೇಕು. ಗೊತ್ತಿದ್ದೂ ಹೇಳದಿದ್ದರೆ ಅದು ಮೋಸ.

ಇಷ್ಟಾದರೂ ಇದು ಸೀಳಿನ ಮಾತಾಯಿತು. ಬಿದ್ದ ಮಾತು ಇನ್ನೂ ಹೇಳಿಲ್ಲ.

ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ನಮ್ಮ ಅಂಗಳದ ಅಂಚಿನ ಬಿರುಕಿನೊಳಗೆ ಮೇ ತಿಂಗಳಲ್ಲಿ ನನ್ನ ಕೈ ಮಣಿಕಟ್ಟಿನವರೆಗೆ ಇಳಿಯುತ್ತದೆ. ಅಂಥ ಮಣ್ಣಿನಲ್ಲಿ ಆ ಗುತ್ತಿಗೆದಾರ ಒಂದೂವರೆ ಅಡಿ ಗುಂಡಿ ತೆಗೆದು, ಎರಡು ಬುಟ್ಟಿ ಕಾಂಕ್ರೀಟ್ ಸುರಿದು, ತೆಗೆದ ಮಣ್ಣನ್ನೇ ಮತ್ತೆ ತುಂಬಿದ್ದ. ಮಣ್ಣು ಕಾಂಕ್ರೀಟಿನಿಂದ ದೂರ ಸರಿದು ಪ್ರತಿ ಕಂಬದ ಸುತ್ತ ಎರಡು ಬೆರಳು ಸಂದಾಗಿತ್ತು. ಕಂಬ ಹಿಡಿದು ಅಲುಗಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು. ನಾನು ಅದನ್ನು ನೋಡಿದ್ದೆ. ನೋಡಿಯೂ ಮಾವನವರ ಹೊರಸನ್ನು ಅಲ್ಲಿಂದ ಸರಿಸಲಿಲ್ಲ. ಆ ನೋವು ನನಗೆ ಇಂದಿಗೂ ಇದೆ.

ಮಾವನವರಿಗೆ ಎಪ್ಪತ್ತೆಂಟು. ಬೇಸಿಗೆಯ ಸಂಜೆ ಬೇಲಿಯ ಪಕ್ಕದಲ್ಲಿ ಹೊರಸು ಹಾಕಿಕೊಂಡು ಮಲಗುವುದು ಅವರ ರೂಢಿ. ಮೇ ಎರಡನೆಯ ವಾರ, ಐದೂವರೆಯ ಹೊತ್ತು, ಪಶ್ಚಿಮದಲ್ಲಿ ಮೋಡ ಕಪ್ಪಾಗಿ ದೂಳು ಎದ್ದಿತು. ಮುಂಗಾರಿಗೆ ಮುಂಚಿನ ಗಾಳಿಮಳೆ ನಮ್ಮ ಕಡೆ ಹೇಗೆ ಬರುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತು. ಹನಿ ಬೀಳುವ ಮೊದಲೇ ತಗಡು ಹಾರುತ್ತದೆ. ಕಣ್ಣಿಗೆ ದೂಳು ಬಿತ್ತೆಂದು ಮಾವ ಎದ್ದು ನೀರು ಕೇಳುತ್ತಾ ಒಳಗೆ ಬಂದರು. ನಾನು ತಂಬಿಗೆ ಅವರ ಕೈಗೆ ಕೊಟ್ಟಿದ್ದೇನೆ, ಹೊರಗೆ ದಡ್ ಎಂಬ ಸದ್ದು. ಎರಡು ಅಂಕಣ, ಕಂಬದ ಸಮೇತ, ಹೊರಸಿನ ಮೇಲೆ ಬಿದ್ದಿತ್ತು. ಹೊರಸಿನ ಒಂದು ಕಾಲು ಮುರಿದಿತ್ತು. ದಿಂಬು ಇದ್ದ ಜಾಗದಲ್ಲಿ ಮೊಳೆಗಳು ಮೇಲ್ಮುಖವಾಗಿ ನಿಂತಿದ್ದ ಅಡ್ಡಪಟ್ಟಿ.

ಆಳೆತ್ತರದ ಮುಚ್ಚಿದ ಬೇಲಿ ಗಾಳಿಯ ಪಾಲಿಗೆ ಹಡಗಿನ ಹಾಯಿ. ಗಂಟೆಗೆ 80 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಎಂಟಡಿ ಅಗಲ, ಆರಡಿ ಎತ್ತರದ ಒಂದೇ ಅಂಕಣದ ಮೇಲೆ 130 ಕಿಲೋಗಿಂತ ಹೆಚ್ಚಿನ ನೂಕು ಬೀಳುತ್ತದೆ. ವೇಗ ಎರಡರಷ್ಟಾದರೆ ನೂಕು ನಾಲ್ಕರಷ್ಟು. ನಮ್ಮ ಹಳೆಯ ತೊಗರಿಕಟ್ಟಿಗೆಯ ತಟ್ಟಿ ಅಷ್ಟು ವರ್ಷ ನಿಂತದ್ದು ಅದಕ್ಕೇ: ಮರೆಯೂ ಆಗುತ್ತಿತ್ತು, ಗಾಳಿಯನ್ನೂ ಬಿಡುತ್ತಿತ್ತು.

ಬಿದ್ದ ಹಲಗೆಗಳನ್ನು ತಿರುಗಿಸಿದಾಗ ಇನ್ನೊಂದು ಕಂಡಿತು. ನೆಲಕ್ಕೆ ತಾಗಿದ ತುದಿಯಲ್ಲಿ ಗೇಣುದ್ದಕ್ಕೆ ಗೆದ್ದಲಿನ ಮಣ್ಣು ಮೆತ್ತಿತ್ತು. ಕೆರೆದರೆ ಒಳಗೆ ಹಲಗೆ ಕಾಗದದಂತಾಗಿತ್ತು. ಮೂರೇ ತಿಂಗಳಿಗೆ.

ಗುತ್ತಿಗೆದಾರ ಬಂದ, ಬಿದ್ದ ಎರಡು ಅಂಕಣವನ್ನು ಅರ್ಧ ಬೆಲೆಗೆ ಹೊಸ ಹಲಗೆಯಿಂದ ಮಾಡಿಕೊಡುತ್ತೇನೆ ಎಂದ. "ಈ ಸಲ ಖಂಡಿತ ಒಣಗಿದ್ದು." ನಾನು ಮಾದರಿಗೆ ಒಂದು ಹಲಗೆ ತರಿಸಿ, ನಡುವಿನಿಂದ ಒಂದು ತುಂಡು ಕೊಯ್ಯಿಸಿ, ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ: 412 ಗ್ರಾಂ. ಮಗಳು ಕೇಕ್ ಮಾಡುವ ಓವನ್‌ನಲ್ಲಿ ಸುಮಾರು 100 ಡಿಗ್ರಿಗೆ ಇಟ್ಟು, ನಡುನಡುವೆ ತೂಗುತ್ತಾ, ತೂಕ ಇಳಿಯುವುದು ನಿಂತ ಮೇಲೆ ನೋಡಿದರೆ 326 ಗ್ರಾಂ. ಹೋದ ನೀರು 86 ಗ್ರಾಂ. ಅದನ್ನು ಒಣ ತೂಕದಿಂದ ಭಾಗಿಸಿದರೆ ಶೇ. 26. ನಮ್ಮ ಊರಿನ ಬೇಲಿಗೆ ಶೇ. 10ರ ಒಳಗಿರಬೇಕಾದ ಹಲಗೆ! ಆ ಲೆಕ್ಕವನ್ನು ಅವನ ಮುಂದಿಟ್ಟೆ. ಅವನು ಮತ್ತೆ ಫೋನ್ ಎತ್ತಲಿಲ್ಲ.

ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಓವನ್ ಬಿಟ್ಟು ದೂರ ಹೋಗಬೇಡಿ, ಶಾಖ ಹೆಚ್ಚಿಸಬೇಡಿ. ತುಂಡನ್ನು ಹಲಗೆಯ ತುದಿಯಿಂದ ಕೊಯ್ಯಬೇಡಿ. ತುದಿ ಬೇಗ ಒಣಗಿ ಸುಳ್ಳು ಹೇಳುತ್ತದೆ. ಎರಡು ಸೂಜಿ ಚುಚ್ಚಿ ತೇವ ಅಳೆಯುವ ಚಿಕ್ಕ ಮೀಟರ್‌ಗಳೂ ಸಿಗುತ್ತವೆ, ಸಾಮಿಲ್‌ಗೆ ಹೋಗುವಾಗ ಅದನ್ನು ಒಯ್ಯುವುದು ಸುಲಭ. ಮತ್ತು ದಯವಿಟ್ಟು ಬಿಲ್ ತೆಗೆದುಕೊಳ್ಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲು ಹೊರಟಾಗ ನನ್ನ ಕೈಯಲ್ಲಿದ್ದದ್ದು ಹೆಸರು, ದಿನಾಂಕ, ಸಹಿ ಯಾವುದೂ ಇಲ್ಲದ ಆ ಚೀಟಿ ಮಾತ್ರ.

ನಿಂತಿದ್ದ ಮೂರು ಅಂಕಣವನ್ನೂ ನಾವೇ ಬಿಚ್ಚಿಸಿದೆವು. ಈಗ ಬೇರೆಯವರ ಕೈಯಲ್ಲಿ, ಬಡಿಗ ಕಾಕಾ ಹೇಳಿದಂತೆ ಮಾಡಿಸುತ್ತಿದ್ದೇವೆ. ಮರದ ಕಂಬದ ಬದಲು ಸತುವಿನ ಲೇಪವಿರುವ ಕಬ್ಬಿಣದ ಪೈಪು. ಮೂರೂವರೆ ಅಡಿ ಗುಂಡಿ, ಎರೆಮಣ್ಣನ್ನು ಪೂರ್ತಿ ಹೊರಗೆ ಹಾಕಿ ಕಾಂಕ್ರೀಟಿನ ಸುತ್ತ ಮೊರಂ (ಗರಸು ಮಣ್ಣು) ತುಂಬಿ ದಮ್ಮಸು ಮಾಡಿಸಿದೆವು. ಕಾಂಕ್ರೀಟ್ ಹಾಕಿದ್ದು ಸಂಜೆ. ಒಂದು ವಾರ ಗೋಣಿಚೀಲ ಹೊದಿಸಿ ನೀರು ಹೊಡೆದೆವು, ನಮ್ಮ ಬಿಸಿಲಿಗೆ ಇಲ್ಲದಿದ್ದರೆ ಅದು ಗಟ್ಟಿಯಾಗುವ ಮೊದಲೇ ಒಣಗಿ ಬಿರಿಯುತ್ತದೆ. ಬೇಲಿಯ ಉದ್ದಕ್ಕೂ ನೆಲದ ಮೇಲೆ ಶಹಾಬಾದ್ ಕಲ್ಲಿನ ಪಟ್ಟಿ, ಹಲಗೆಯ ತುದಿ ಅದರಿಂದ ಎರಡು ಅಂಗುಲ ಮೇಲೆ. ಹಲಗೆಗಳು ಒಂದೇ ಸಾಲಿನಲ್ಲಿ ಅಂಟಿಕೊಂಡಿರುವುದಿಲ್ಲ: ಒಂದು ಹಲಗೆ ಅಡ್ಡಪಟ್ಟಿಯ ಮುಂದೆ, ಅದರ ಪಕ್ಕದ್ದು ಹಿಂದೆ, ಅಂಚುಗಳು ಒಂದರ ಮೇಲೊಂದು ಒಂದು ಅಂಗುಲ ಹಾಯುವಂತೆ. ಹಲಗೆ ಕುಗ್ಗಿದರೂ ಆ ಕಡೆಯ ಕಣ್ಣಿಗೆ ಕಂಡಿ ಕಾಣುವುದಿಲ್ಲ, ಗಾಳಿಗೂ ಹಾದುಹೋಗಲು ದಾರಿ ಸಿಗುತ್ತದೆ. ಮೊಳೆ ಬೇಡ, ತುಕ್ಕು ಹಿಡಿಯದ ಸ್ಕ್ರೂ, ಅದೂ ಮೊದಲು ತೂತು ಕೊರೆದು. ವಾರ್ನಿಶ್ ಬೇಡವೇ ಬೇಡ. ಮರದೊಳಗೆ ಇಳಿಯುವ, ಬಣ್ಣ ಬೆರೆತ ಎಣ್ಣೆಯನ್ನು ಎರಡೂ ಮೈಗೆ, ತುದಿಗಳಿಗೂ ಹಚ್ಚಬೇಕು, ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು.

ಹೊಸ ಹಲಗೆಗಳು ಈಗ ಹಿತ್ತಲಿನ ತಗಡಿನ ಕೆಳಗೆ, ಸಾಲಿಗೊಂದು ಅಂಗುಲದ ರೀಪು ಇಟ್ಟು ಪೇರಿಸಿದಂತೆ ಒಣಗುತ್ತಿವೆ. ಮೇಲೆ ಭಾರಕ್ಕೆ ಚಪ್ಪಡಿ. ಒಂದು ಹಲಗೆಯ ಮೇಲೆ ಬಳಪದಿಂದ ಗುರುತು ಹಾಕಿ, ಪ್ರತಿ ಭಾನುವಾರ ಅದನ್ನು ತೂಗಿ ಗೋಡೆಯ ಮೇಲೆ ಬರೆಯುತ್ತಿದ್ದೇನೆ. ಮೊದಲ ವಾರ ಐದು ಕಿಲೋ ಇನ್ನೂರು ಇತ್ತು, ನಿನ್ನೆ ನಾಲ್ಕು ಕಿಲೋ ಐನೂರು. ಮೂರು ವಾರ ಸತತವಾಗಿ ಒಂದೇ ತೂಕ ಬರುವವರೆಗೆ ಅದನ್ನು ಮುಟ್ಟಬೇಡಿ ಎಂದು ಕಾಕಾ ಹೇಳಿದ್ದಾರೆ. ಅಲ್ಲಿಯವರೆಗೆ ಪೈಪುಗಳಿಗೆ ಹೊಸ ತೊಗರಿಕಟ್ಟಿಗೆಯ ತಟ್ಟಿ ಕಟ್ಟಿದ್ದೇವೆ, ಮಾವನವರ ಹೊರಸು ಪೂರ್ವದ ಗೋಡೆಯ ಪಕ್ಕಕ್ಕೆ ಹೋಗಿದೆ.