ಎಲಾನ್ ರಿಪ್‌ಸ್ಟಿಕ್ 96: ವರ್ಷಕ್ಕೊಂದು ವಾರ ಹಿಮ ಸಿಗುವ ಬೆಂಗಳೂರಿನವರ ಸ್ಕೀ

ಮೊದಲೇ ಹೇಳಿಬಿಡುತ್ತೇನೆ, ಈ ಸ್ಕೀ ನನಗೆ ತುಂಬಾ ಇಷ್ಟ. ಗುಲ್ಮಾರ್ಗ್‌ನಲ್ಲಿ ಬೆಳಗ್ಗೆ ಹಿಮ ಕಲ್ಲಿನಷ್ಟು ಗಟ್ಟಿ ಇರುತ್ತದೆ. ರಾತ್ರಿ ಸುರಿದರೆ ಮರುದಿನ ಮೊಣಕಾಲುದ್ದ ಪೌಡರ್, ಅಂದರೆ ಹೊಸ ಪುಡಿಹಿಮ, ಮಧ್ಯಾಹ್ನದ ಹೊತ್ತಿಗೆ ಅದನ್ನೇ ಎಲ್ಲರೂ ತುಳಿದು ಗುಡ್ಡೆಗುಡ್ಡೆ ಮಾಡಿರುತ್ತಾರೆ. ಈ ಮೂರಕ್ಕೂ ಒಂದೇ ಜೋಡಿ ಬೇಕು ಅನ್ನುವವರಿಗೆ ಇದು ಸರಿಯಾದ ಆಯ್ಕೆ. ನನ್ನದನ್ನು ಜರ್ಮನಿಯಲ್ಲಿರುವ ತಂಗಿ ರಜೆಗೆ ಬರುವಾಗ ತಂದುಕೊಟ್ಟಳು.

ನಮ್ಮ ಕಷ್ಟ ಬೇರೆ. ಆಲ್ಪ್ಸ್ ಬೆಟ್ಟದ ಪಕ್ಕದಲ್ಲಿ ಹುಟ್ಟಿದವರು ಚಳಿಗಾಲದ ಪ್ರತಿ ಭಾನುವಾರ ಸ್ಕೀ ಮಾಡಬಹುದು. ನಾವು ಆಫೀಸಿನಲ್ಲಿ ರಜೆ ಕೇಳಿ, ಶ್ರೀನಗರಕ್ಕೆ ವಿಮಾನ ಹತ್ತಿ, ಅಲ್ಲಿಂದ ಗಾಡಿ ಮಾಡಿಕೊಂಡು ಹೋಗಬೇಕು. ಅಭ್ಯಾಸಕ್ಕೆ ಸಿಗುವ ದಿನಗಳೇ ಕಡಿಮೆ. ಹಾಗಾಗಿ ಕಾಲಿಗೆ ಕಟ್ಟಿಕೊಂಡ ಸ್ಕೀ ಅರ್ಧ ಕೆಲಸ ತಾನೇ ಮಾಡಬೇಕು. ಇವತ್ತಿನ ಸ್ಕೀಗಳು ಮಾಡುತ್ತವೆ ಕೂಡ. ಅದು ಸುಮ್ನೆ ಆದದ್ದಲ್ಲ, ಹಿಂದೆ ಬಂದ ಕೆಲವೇ ಕೆಲವು ಸ್ಕೀಗಳ ಕೊಡುಗೆ. ಅವುಗಳಲ್ಲಿ ಹೆಚ್ಚಿನವುಗಳ ಗುರುತು ಈ ರಿಪ್‌ಸ್ಟಿಕ್ ಮೇಲೆ ಕಾಣುತ್ತದೆ.

ಸ್ಕೀಯನ್ನು ಗೋಡೆಗೆ ಒರಗಿಸಿ ನೋಡಿ. ಮೇಲೆ ಅಗಲ, ಕೆಳಗೆ ಅಗಲ, ಡಮರುವಿನ ಹಾಗೆ ನಡು ಸಣ್ಣ. ಇದಕ್ಕೆ ಸೈಡ್‌ಕಟ್ ಅನ್ನುತ್ತಾರೆ. ನಾರ್ವೆಯ ಟೆಲಿಮಾರ್ಕ್ ಪ್ರದೇಶದಲ್ಲಿ ಸೋಂಡ್ರೆ ನೊರ್ಹೈಮ್ 19ನೇ ಶತಮಾನದಲ್ಲೇ ನಡು ಸಣ್ಣ ಇರುವ ಸ್ಕೀ ಮಾಡಿದ್ದ. ಆದರೆ ಅದರ ನಂತರ ಬಹಳ ಕಾಲ ಆ ನಡು ಹೆಸರಿಗೆ ಮಾತ್ರ ಇತ್ತು. 1980ರ ದಶಕದಲ್ಲೂ ನಡು ಒಳಕ್ಕೆ ಸರಿದ ಅಳತೆ, ಅಂದರೆ ಸೈಡ್‌ಕಟ್ ಸುಮಾರು 7 ಮಿ.ಮೀ. ಅಷ್ಟೇ. ಸ್ಕೀ 2 ಮೀಟರ್ ಉದ್ದ, ನೋಡಲು ನೇರ ಹಲಗೆ. ಅದನ್ನು ತಿರುಗಿಸಬೇಕಾದರೆ ಭಾರ ಎತ್ತಿ, ಕಾಲು ತಿರುಚಿ, ಹಿಮ್ಮಡಿ ತಳ್ಳಿ ಜಾರಿಸಬೇಕಿತ್ತು, ಎರಡು ಸ್ಕೀಯನ್ನೂ ಜೋಡಿಸಿಕೊಂಡು ಚೆಂದವಾಗಿ ತಿರುಗುವಷ್ಟರಲ್ಲಿ ವರ್ಷಗಳೇ ಕಳೆಯುತ್ತಿದ್ದವು. ಆಗ ಸ್ಲೊವೇನಿಯಾದ ಎಲಾನ್ ಕಂಪನಿಯ ಇಂಜಿನಿಯರುಗಳಾದ ಯೂರಿ ಫ್ರಾಂಕೊ ಮತ್ತು ಪಾವೆಲ್ ಷ್ಕೋಫಿಚ್ ಸೇರಿಕೊಂಡು ಸೈಡ್‌ಕಟ್ಟನ್ನು ಮೂರು ಪಟ್ಟು, ಅಂದರೆ 22 ಮಿ.ಮೀ.ವರೆಗೆ ತಂದರು. 1993ರಲ್ಲಿ ಎಸ್‌ಸಿಎಕ್ಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು.

ಕೆಲಸ ಮಾಡುವ ರೀತಿ ಸರಳ. ಇಂಥ ಸ್ಕೀಯನ್ನು ಓರೆ ಮಾಡಿ ಎಡ್ಜ್ (ಅಂಚಿನ ಸ್ಟೀಲ್ ಪಟ್ಟಿ) ಮೇಲೆ ನಿಂತರೆ ತುದಿ ಮತ್ತು ಬಾಲ ಹಿಮ ಕಚ್ಚುತ್ತವೆ, ನಡು ಕೆಳಗೆ ಬಾಗುತ್ತದೆ, ಸ್ಕೀ ಬಿಲ್ಲಿನಂತೆ ಬಗ್ಗಿ ಆ ಬಾಗಿನ ದಾರಿಯಲ್ಲೇ ಹೋಗುತ್ತದೆ. ನೀವು ತಿರುಚುವ ಅಗತ್ಯವೇ ಇಲ್ಲ. ಮೊಣಕಾಲು ಓರೆ ಮಾಡಿ, ಹೊರಗಿನ ಕಾಲಿನ ಮೇಲೆ ಭಾರ ಇಡಿ, ಕಾಯಿರಿ. ಅಷ್ಟೇ. ಸ್ಕೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ರೇಸಿನವರು ಮೊದಲು ಅನುಮಾನದಿಂದಲೇ ನೋಡಿದರು. 1996ರಲ್ಲಿ ಹದಿಹರೆಯದ ಬೋಡಿ ಮಿಲ್ಲರ್ ಅಮೆರಿಕದ ಜೂನಿಯರ್ ಒಲಿಂಪಿಕ್ಸ್‌ನಲ್ಲಿ ಕೆ2 ಫೋರ್ ಎಂಬ ಇದೇ ಬಗೆಯ ಸ್ಕೀ ಹಾಕಿಕೊಂಡು ಗೆದ್ದ ಮೇಲೆ ಅನುಮಾನ ಕರಗಿತು. ಕೆಲವೇ ವರ್ಷಗಳಲ್ಲಿ ನೇರ ಸ್ಕೀ ಅಂಗಡಿಗಳಿಂದಲೇ ಮಾಯ.

ರಿಪ್‌ಸ್ಟಿಕ್ ಕೂಡ ಎಲಾನ್‌ನದೇ. ಗಟ್ಟಿ ಪಿಸ್ಟ್ (ಸ್ಕೀ ಮಾಡಲು ಸಮ ಮಾಡಿದ ಇಳಿಜಾರು) ಮೇಲೆ ಮಧ್ಯಮ ಅಳತೆಯ ತಿರುವಿಗೆ ಅದು ತಾನಾಗಿಯೇ ಹೊರಳುತ್ತದೆ. ಬಿಗಿ ತಿರುವುಗಳ ರೇಸಿಗೆ ಮಾಡಿದ ಸ್ಲಾಲಮ್ ಸ್ಕೀಯಷ್ಟು ಚುರುಕಲ್ಲ. ನಮಗೆ ಅಷ್ಟು ಬೇಕಾಗಿಯೂ ಇಲ್ಲ ಅಲ್ವಾ?

ಈಗ ಅಗಲದ ಮಾತು. ಹೆಸರಿನಲ್ಲಿರುವ 96 ಅಂದರೆ ಪಾದದ ಕೆಳಗಿನ ಅಗಲ, ಮಿಲಿಮೀಟರ್‌ಗಳಲ್ಲಿ. ಹಳೇ ಸ್ಕೀಗಳು 65ರ ಆಸುಪಾಸಿನಲ್ಲಿ ಇರುತ್ತಿದ್ದವು. ಅದರಿಂದ ಪೌಡರ್‌ನಲ್ಲಿ ಮುಳುಗುತ್ತಿದ್ದವು. 1980ರ ದಶಕದ ಕೊನೆಗೆ ಆಸ್ಟ್ರಿಯಾದ ಅಟಾಮಿಕ್ ಕಂಪನಿಯ ರೂಪರ್ಟ್ ಹೂಬರ್ ಸ್ನೋಬೋರ್ಡನ್ನು ಉದ್ದಕ್ಕೆ ಸೀಳಿ ಎರಡು ಸ್ಕೀ ಮಾಡಿ ನೋಡಿದ. ಅದರಿಂದ ಪೌಡರ್ ಪ್ಲಸ್ ಬಂತು. ಜನ ಅದನ್ನು ಫ್ಯಾಟ್ ಬಾಯ್ ಅಂದರು. ಕೆನಡಾದಲ್ಲಿ ಹೆಲಿಕಾಪ್ಟರ್‌ನಲ್ಲಿ ಬೆಟ್ಟದ ಮೇಲೆ ಇಳಿದು ಸ್ಕೀ ಮಾಡುವ ಸಾಮಾನ್ಯ ಗಿರಾಕಿಗಳಿಗೆ ಇದು ವರವಾಯಿತು. ತೊಡೆಯಲ್ಲಿ ಕಸುವು ಕಡಿಮೆ ಇದ್ದವರೂ ದಿನವಿಡೀ ಆಳದ ಹಿಮದಲ್ಲಿ ಓಡಾಡಿದರು. ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದ ಗೊಂಡೋಲಾ (ಕೇಬಲ್ ಕಾರ್) ಸುಮಾರು 3,950 ಮೀಟರ್ ಎತ್ತರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ನಾಲ್ಕು ಹೆಜ್ಜೆ ಇಟ್ಟರೂ ಏದುಸಿರು. ಅಂಥ ಜಾಗದಲ್ಲಿ ಮುಳುಗದೆ ತೇಲುವ ಸ್ಕೀಯ ಬೆಲೆ ಗೊತ್ತಾಗುತ್ತದೆ. ಇನ್ನೊಂದು ಮಾತು: ಅಲ್ಲಿ ಸ್ಕೀ ಗಸ್ತು ತಂಡ ನೋಡಿಕೊಳ್ಳುವ ಜಾಗ ದಾಟಿ ಹೋಗುವುದಾದರೆ ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚುವ ಟ್ರಾನ್ಸೀವರ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಮತ್ತು ಗೈಡ್ ಇಲ್ಲದೆ ದಯವಿಟ್ಟು ಹೋಗಬೇಡಿ. ಎಂಥ ಸ್ಕೀ ಇದ್ದರೂ ಹಿಮಕುಸಿತದ ಮುಂದೆ ನಡೆಯುವುದಿಲ್ಲ.

ತುದಿ ಸ್ವಲ್ಪ ಬೇಗನೇ ಮೇಲಕ್ಕೆ ಎದ್ದಿದೆ, ಅದು ರಾಕರ್. ಇದರ ಹಿಂದೆ ಶೇನ್ ಮೆಕಾಂಕಿ ಎಂಬ ಸಾಹಸಿ ಸ್ಕೀಯರ್ ಇದ್ದಾನೆ. ಆಳದ ಹಿಮವನ್ನು ನೀರೆಂದೇ ಲೆಕ್ಕ ಹಾಕಬೇಕು ಅನ್ನುವುದು ಅವನ ವಾದ. ಅಲಾಸ್ಕಾದ ಬೆಟ್ಟದಲ್ಲಿ ವಾಟರ್ ಸ್ಕೀ ಕಟ್ಟಿಕೊಂಡು ಇಳಿದೂ ತೋರಿಸಿದ. 2002ರಲ್ಲಿ ವೊಲಾಂಟ್ ಕಂಪನಿ ಅವನ ಸ್ಪ್ಯಾಚುಲಾ ಸ್ಕೀಯನ್ನು ತಂದಿತು. ನಡು ಅಗಲ, ತುದಿ ಸಣ್ಣ, ಎರಡೂ ಕೊನೆ ಮೇಲಕ್ಕೆ, ಅಂದರೆ ಎಸ್‌ಸಿಎಕ್ಸ್‌ಗೆ ಪೂರ್ತಿ ತದ್ವಿರುದ್ಧ! ಗಟ್ಟಿ ಹಿಮದ ಮೇಲೆ ಅದು ಕಷ್ಟವೇ. ಆದರೆ ಆ ಎದ್ದ ತುದಿಯನ್ನು ಮುಂದೆ ಎಲ್ಲ ಕಂಪನಿಗಳೂ ತೆಗೆದುಕೊಂಡವು. ಮೆಕಾಂಕಿ 2009ರಲ್ಲಿ ಇಟಲಿಯ ಡೊಲೊಮೈಟ್ಸ್‌ನಲ್ಲಿ ತೀರಿಹೋದ. ಇವತ್ತು ಹೊಸಬರೂ ಪೌಡರ್‌ನಲ್ಲಿ ನಗುತ್ತಾ ಇಳಿಯುತ್ತಿದ್ದರೆ ಅದರಲ್ಲಿ ಅವನ ಪಾಲು ದೊಡ್ಡದು.

ರಿಪ್‌ಸ್ಟಿಕ್ ಈ ಎರಡು ವಿರುದ್ಧ ವಿಚಾರಗಳನ್ನು ಕೂಡಿಸಿರುವ ಜಾಣತನವೇ ನನಗೆ ಹೆಚ್ಚು ಮೆಚ್ಚುಗೆ. ಇದರಲ್ಲಿ ಎಡ ಸ್ಕೀ, ಬಲ ಸ್ಕೀ ಅಂತ ಬೇರೆ ಬೇರೆ ಇವೆ. ಒಳಗಿನ ಎಡ್ಜ್‌ಗೆ ಕ್ಯಾಂಬರ್, ಅಂದರೆ ಹಿಮ ಬಿಗಿಯಾಗಿ ಹಿಡಿಯುವ ಕಮಾನು. ಹೊರಗಿನ ಎಡ್ಜ್‌ಗೆ ರಾಕರ್. ತಿರುವಿನಲ್ಲಿ ಭಾರ ಬೀಳುವುದು ಹೊರಗಿನ ಕಾಲಿನ ಒಳ ಎಡ್ಜ್ ಮೇಲೆ ತಾನೇ, ಅದು ಕಚ್ಚಿಕೊಳ್ಳುತ್ತದೆ. ಇನ್ನೊಂದು ಕಾಲಿನದು ತೊಡರದೆ ಸಲೀಸಾಗಿ ಬರುತ್ತದೆ. ಅದಲುಬದಲು ಹಾಕಿಕೊಳ್ಳಬೇಡಿ, ಗುರುತು ಮೇಲೆಯೇ ಇದೆ.

ಒಳಗೆ ಮರದ ತಿರುಳು, ಅದರೊಳಗೆ ಕಾರ್ಬನ್ ಕೊಳವೆಗಳು. ಹಾಗಾಗಿ ತುಂಬಾ ಹಗುರ. ಲೋಹದ ಹಾಳೆಗಳ ನಡುವೆ ಮರ ಇಟ್ಟು ಅಂಟಿಸಿದ ಸ್ಕೀಯನ್ನು ಗೆಲ್ಲಿಸಿದ್ದು ವಿಮಾನ ಕಾರ್ಖಾನೆಯಲ್ಲಿದ್ದ ಹೋವರ್ಡ್ ಹೆಡ್, 1950ರ ಸುಮಾರಿಗೆ. ಮಾಡಿದ್ದೆಲ್ಲ ಮುರಿಯುತ್ತಿದ್ದರೂ ಬಿಡಲಿಲ್ಲ. ಮುಂದೆ ಪ್ರಿನ್ಸ್ ಕಂಪನಿಯ ದೊಡ್ಡ ಟೆನಿಸ್ ರಾಕೆಟ್ ಮಾಡಿದವನೂ ಇವನೇ! ವೇಗವಾಗಿ ಹೋಗುವವರಿಗೆ, ಐಸ್ ಮೇಲೆ ಜಾಸ್ತಿ ಓಡಿಸುವವರಿಗೆ ಇವತ್ತಿಗೂ ಲೋಹದ ಪದರ ಇರುವ ಭಾರದ ಸ್ಕೀಯೇ ಒಳ್ಳೆಯದು, ಅದು ಅದುರುವುದು ಕಡಿಮೆ. ಅಂಥವರು ಇದನ್ನು ಕೊಳ್ಳುವುದು ಬೇಡ. ಮೊದಲ ಬಾರಿ ಕಲಿಯುವವರಿಗೂ ಬೇಡ, 75ರಿಂದ 80 ಮಿ.ಮೀ. ಅಗಲದ, ಗಿಡ್ಡ ಸ್ಕೀ ಸಾಕು.

ಬೆಂಗಳೂರಿನಲ್ಲಿ ಇಟ್ಟುಕೊಳ್ಳುವುದರ ಬಗ್ಗೆ ಒಂದಿಷ್ಟು. ಮಳೆಗಾಲದ ತೇವಕ್ಕೆ ಸ್ಟೀಲ್ ಎಡ್ಜ್ ತುಕ್ಕು ಹಿಡಿಯುತ್ತದೆ. ಊರಿಗೆ ಬಂದ ತಕ್ಷಣ ಒರೆಸಿ ಒಣಗಿಸಿ, ಬೇಸ್ (ಸ್ಕೀಯ ತಳ) ಮತ್ತು ಎಡ್ಜ್ ಎರಡೂ ಮುಚ್ಚುವಂತೆ ದಪ್ಪಗೆ ವ್ಯಾಕ್ಸ್ ಹಾಕಿ, ಕೆರೆಯದೆ ಹಾಗೇ ಬಿಡಿ. ಮುಂದಿನ ಸಲ ಹೊರಡುವ ಮುಂಚೆ ಕೆರೆದರಾಯಿತು. ವ್ಯಾಕ್ಸ್ ಕರಗಿಸಲು ಬಟ್ಟೆಯ ಇಸ್ತ್ರಿ ಪೆಟ್ಟಿಗೆ ಬಳಸಬೇಡಿ, ಅದರ ಶಾಖ ಏರಿಳಿಯುತ್ತದೆ, ಬೇಸ್ ಸುಟ್ಟೀತು. ವಿಮಾನದ ಟಿಕೆಟ್ ಮಾಡುವಾಗಲೇ ಸ್ಕೀ ಬ್ಯಾಗ್‌ನ ನಿಯಮ ಕೇಳಿಕೊಳ್ಳಿ. ಒಂದು ಏರ್‌ಲೈನ್‌ನ ಕೌಂಟರಿನಲ್ಲಿ ಉದ್ದದ ಬ್ಯಾಗ್ ನೋಡಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದರು.

ದುಡ್ಡು ಲೆಕ್ಕ ಹಾಕುವವರು ಮೊದಲು ಕಾಲಿಗೆ ಸರಿಹೊಂದುವ ಬೂಟು ಕೊಳ್ಳಿ, ಸ್ಕೀ ಬಾಡಿಗೆಗೆ ತಗೊಳ್ಳಿ. ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟರೆ ಒಪ್ಪಬೇಡಿ. ನಡುವಿನ ಅಗಲ ಎಷ್ಟು, ತುದಿ ಎದ್ದಿದೆಯಾ, ಎಡ್ಜ್ ಉಗುರನ್ನು ಕೆರೆಯುವಷ್ಟು ಚೂಪಾಗಿದೆಯಾ ಅಂತ ನೋಡಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಕೇಳಿಯೇ ಹೊಂದಿಸಬೇಕು. ಕೇಳದೆ ಹೊಂದಿಸಿದರೆ ಬೇರೆ ಅಂಗಡಿಗೆ ಹೋಗಿ.