ಹಾಸನದಿಂದ ದೆಹಲಿಗೆ, ನಡುವೆ ಎರಡು ಊರಲ್ಲಿ ಇಳಿದು: ಬ್ರೇಕ್ ಜರ್ನಿ ಟಿಕೆಟ್ ಹೇಗಿದೆ?

ಹಾಸನ, ಅರಸೀಕೆರೆ ಕಡೆಯಿಂದ ದೆಹಲಿಗೆ ಹೊರಟವರು ಒಂದೇ ಸಮನೆ ಬರ್ತಿನಲ್ಲಿ ಮೈ ನೋಯಿಸಿಕೊಳ್ಳಬೇಕಿಲ್ಲ. ಒಂದೇ ಟಿಕೆಟಿನಲ್ಲಿ ನಡುವೆ ಇಳಿದು, ಒಂದೆರಡು ದಿನ ಉಳಿದು ಮುಂದೆ ಹೋಗುವ ರೈಲ್ವೆಯ ಬ್ರೇಕ್ ಜರ್ನಿ ಬಹಳ ಒಳ್ಳೆಯ ಸೌಲಭ್ಯ, ಬಳಸುವವರೇ ಕಡಿಮೆ.

ಮೊದಲು ದುಡ್ಡಿನ ಲೆಕ್ಕ. ದೂರ ಹೆಚ್ಚಿದಷ್ಟೂ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ಪುಣೆಗೊಂದು, ಆಗ್ರಾಕ್ಕೊಂದು, ದೆಹಲಿಗೊಂದು ಟಿಕೆಟ್ ಮಾಡಿಸಿದರೆ ಆ ಲಾಭ ಹೋಯಿತು. ಜೊತೆಗೆ ಸ್ಲೀಪರ್‌ಗೆ ಕನಿಷ್ಠ 200, ಥರ್ಡ್ ಎಸಿಗೆ ಕನಿಷ್ಠ 300 ಕಿ.ಮೀ. ದರ ಕೊಡಲೇಬೇಕು. ಆಗ್ರಾ-ದೆಹಲಿ 200 ಕಿ.ಮೀ. ಕೂಡ ಇಲ್ಲ, ಎಸಿಯಲ್ಲಿ ಹೋದರೆ 300ರ ದುಡ್ಡು.

ಒಂದೇ ಟಿಕೆಟ್ 1000 ಕಿ.ಮೀ. ಒಳಗಿದ್ದರೆ ಒಂದು ಸಲ, ಮೀರಿದರೆ ಎರಡು ಸಲ ಇಳಿಯಬಹುದು. ಆದರೆ ಮೊದಲ ಇಳಿತ 500 ಕಿ.ಮೀ. ದಾಟಿದ ಮೇಲೆಯೇ. ಹಾಸನದಿಂದ ಹುಬ್ಬಳ್ಳಿ ಸುಮಾರು 350, ಅಲ್ಲಿ ಆಗದು, ಪುಣೆಯಲ್ಲಿ ಆಗುತ್ತದೆ. ಇಳಿದ ದಿನ, ಹತ್ತುವ ದಿನ ಬಿಟ್ಟು ಎರಡು ದಿನ ಸಿಗುತ್ತದೆ: ಸೋಮವಾರ ಇಳಿದರೆ ತಡವೆಂದರೆ ಗುರುವಾರ ಹತ್ತಬೇಕು. ಹೀಗಾಗಿ ಹಾಸನದ ಮೇಲೆ ವಾರಕ್ಕೊಮ್ಮೆ ಹೋಗುವ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ಸನ್ನೇ ಮತ್ತೆ ಕಾಯುವ ಹಾಗಿಲ್ಲ. ಪುಣೆಯಿಂದ ಮುಂದಕ್ಕೆ ದಿನಾ ಓಡುವ ಗೋವಾ ಎಕ್ಸ್‌ಪ್ರೆಸ್ ನೋಡಿಕೊಳ್ಳಿ. ರಾಜಧಾನಿ, ಶತಾಬ್ದಿಗಳಿಗೆ ಈ ಸೌಲಭ್ಯವಿಲ್ಲ.

ಕೌಂಟರಿನಲ್ಲಿ ಫಾರಂ ಕೊಡುವಾಗಲೇ ಎಲ್ಲಿ ಇಳಿಯುತ್ತೀರಿ, ಮುಂದಿನ ಗಾಡಿ ಯಾವುದು, ತಾರೀಖು ಏನು ಎಂದು ಬರೆದುಕೊಡಿ. ನೂಕುನುಗ್ಗಲಿಲ್ಲದ ಹೊತ್ತಿನಲ್ಲಿ ಹೋಗಿ, ಈ ಟಿಕೆಟಿಗೆ ಸಮಯ ಹಿಡಿಯುತ್ತದೆ. ಇಳಿದ ತಕ್ಷಣ ಸ್ಟೇಷನ್ ಮಾಸ್ಟರ್ ಅಥವಾ ಟಿಕೆಟ್ ಕಲೆಕ್ಟರ್ ಹತ್ತಿರ ಟಿಕೆಟಿನ ಮೇಲೆ ನಿಲ್ದಾಣದ ಸಂಕೇತ, ತಾರೀಖು, ಸಹಿ ಹಾಕಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಆ ಸಹಿಯಿಲ್ಲದೆ ಮುಂದಿನ ಗಾಡಿಯಲ್ಲಿ ದಂಡಕ್ಕೆ ದಾರಿ.

ಈ ಸೌಲಭ್ಯದ ದೊಡ್ಡ ಕೊರತೆಯೆಂದರೆ ಕೌಂಟರಿಗೇ ಹೋಗಬೇಕು. ಕಡೂರು, ಬೀರೂರಿನಿಂದ ಹತ್ತುವ ಚಿಕ್ಕಮಗಳೂರಿನವರು ಮೊಬೈಲಿನಲ್ಲೇ ಬೇರೆ ಬೇರೆ ಟಿಕೆಟ್ ಮಾಡಿ ಅದೇ ದಿನ ಗಾಡಿ ಬದಲಿಸುವುದಾದರೆ, ಎರಡೂ ಪಿಎನ್‌ಆರ್ ಜೋಡಿಸಿಕೊಳ್ಳಿ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಮೊದಲನೆಯದು ತಲುಪಿದ 3 ಗಂಟೆಯೊಳಗೆ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿದರೆ ತಪ್ಪಿದ ಗಾಡಿಯ ಹಣ ವಾಪಸ್. ಎರಡೂ ಟಿಕೆಟಿನಲ್ಲಿ ಹೆಸರು, ವಯಸ್ಸು ಒಂದೇ ಇರಲಿ. ಒಂದರಲ್ಲಿ ಇನಿಷಿಯಲ್ ಹಾಕಿ ಇನ್ನೊಂದರಲ್ಲಿ ಬಿಟ್ಟರೆ ಜೋಡಣೆಯೇ ಆಗದೆ ಹೋಗಬಹುದು.